ಪಿಟ್ಟನ ಬದಲು ಹೋದವಳು

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕೆರೆ ಇತ್ತು. ಕೆರೆಯ ದಂಡೆಯ ಲಂಟಾನದ ಪೊದೆಗಳಲ್ಲಿ ಹರಟೆಮಲ್ಲ ಹಕ್ಕಿಗಳ ಗುಂಪೊಂದು ವಾಸವಾಗಿತ್ತು. ಬೂದು ಮೈ, ಬಿಳಿ ಕಣ್ಣು, ಬಾಯಿಗೆ ಬಿಡುವಿಲ್ಲ.

ಈ ಹಕ್ಕಿಗಳು ತರಗೆಲೆ ಕೆದಕಿ ಹುಳ ತಿನ್ನುತ್ತವೆ. ತಲೆ ತಗ್ಗಿಸಿದಾಗ ಆಕಾಶ ಕಾಣುವುದಿಲ್ಲ. ಅದಕ್ಕಾಗಿ ಸರದಿಯಂತೆ ಒಂದು ಹಕ್ಕಿ ಒಣಗಿದ ಮುತ್ತುಗದ ಮರದ ತುದಿಯಲ್ಲಿ ಕಾವಲು ಕೂರುತ್ತಿತ್ತು. ಅಪಾಯ ಇಲ್ಲದಷ್ಟು ಹೊತ್ತೂ ಅದು ಮೆಲ್ಲಗೆ "ಚಿಕ್, ಚಿಕ್" ಎನ್ನುತ್ತಿರಬೇಕು. ಆ ದನಿ ಕೇಳುತ್ತಿರುವಷ್ಟು ಹೊತ್ತು ಕೆಳಗಿನವರು ನಿಶ್ಚಿಂತೆಯಿಂದ ತಿನ್ನುತ್ತಿದ್ದರು. ದನಿ ನಿಂತಿತೋ, ಎಲ್ಲರೂ ಪೊದೆಯೊಳಗೆ.

ಕಾವಲು ಬಿಟ್ಟು ಇಳಿದವರನ್ನು ಗುಂಪಿನಿಂದ ಹೊರಗೆ ಹಾಕಬೇಕು ಎಂಬುದು ಅವರ ಕಟ್ಟಳೆ. ಒಂಟಿ ಹರಟೆಮಲ್ಲ ಹೆಚ್ಚು ಕಾಲ ಬದುಕುವುದಿಲ್ಲ. ಕೆಳಗೆ ನೋಡಿದರೆ ಗಿಡುಗಕ್ಕೆ ಸಿಗುತ್ತದೆ, ಮೇಲೆಯೇ ನೋಡುತ್ತಿದ್ದರೆ ಹಸಿವಿಗೆ ಸಾಯುತ್ತದೆ.

ಮಳೆ ಬಂದು ನಿಂತ ಒಂದು ಬೆಳಿಗ್ಗೆ ಪಿಟ್ಟ ಎಂಬ ಗಂಡು ಹಕ್ಕಿಯ ಸರದಿ ಬಂತು. ಪಿಟ್ಟ ಹೊಟ್ಟೆಬಾಕ. ಮರದ ಹಿಂದಿನ ಹುತ್ತದಿಂದ ರೆಕ್ಕೆ ಬಂದ ಗೆದ್ದಲುಗಳು ಹೊಗೆಯಂತೆ ಏಳುತ್ತಿದ್ದವು. ಪಿಟ್ಟ ನೋಡಿದ, ತಡೆದುಕೊಂಡ, ಮತ್ತೆ ನೋಡಿದ. ಕೆಳಗಿನವರಿಗೆ ಬೇಕಾದದ್ದು ದನಿ ತಾನೆ, ಅದು ಎಲ್ಲಿಂದ ಬಂದರೇನು ಎಂದುಕೊಂಡ. ಸದ್ದಿಲ್ಲದೆ ಹುತ್ತದ ಹಿಂದಕ್ಕೆ ಇಳಿದ. ಒಂದೊಂದು ತುತ್ತು ನುಂಗಿ "ಚಿಕ್, ಚಿಕ್" ಎನ್ನುತ್ತಿದ್ದ.

ದನಿ ನಂಬಿ ಯಾರೂ ತಲೆ ಎತ್ತಲಿಲ್ಲ. ಗೂಡಿನಿಂದ ಆಗಷ್ಟೇ ಹೊರಬಂದಿದ್ದ ಬೂದಕ್ಕನ ಮರಿ ಬಯಲಿನಲ್ಲಿ ಕುಪ್ಪಳಿಸುತ್ತಿತ್ತು. ಗಿಡುಗ ಬಂದದ್ದು ಯಾರಿಗೂ ಕಾಣಲಿಲ್ಲ, ಹೋದದ್ದು ಕಂಡಿತು. ಮರಿಯ ಕೂಗು ಆಕಾಶದಲ್ಲಿ ಸ್ವಲ್ಪ ದೂರ ಕೇಳಿಸಿ ನಿಂತಿತು. ಹುತ್ತದ ಹಿಂದಿನಿಂದ ಇನ್ನೂ "ಚಿಕ್, ಚಿಕ್" ಕೇಳುತ್ತಿತ್ತು.

ಗುಂಪು ಪಿಟ್ಟನನ್ನು ಸುತ್ತುವರಿಯಿತು. ಬಾಯಿಜೋರಿನ ಚೂಪಕ್ಕ ಮುಂದೆ ಬಂದಳು.

"ಹೊಟ್ಟೆ ತುಂಬಿತಾ ಪಿಟ್ಟ? ಇನ್ನೂ ಬೇಕಿದ್ದರೆ ಹುತ್ತ ಅಲ್ಲೇ ಇದೆ."

ಪಿಟ್ಟ ಕಾಡೆಲ್ಲ ಹುಡುಕಿ ದಪ್ಪ ಕಂಬಳಿಹುಳ ತಂದು ಬೂದಕ್ಕನ ಕಾಲ ಬಳಿ ಇಟ್ಟ. ಅವಳು ಮುಟ್ಟಲಿಲ್ಲ. ಮತ್ತೊಂದು ತಂದ, ಮಿಡತೆ ತಂದ. ರಾಶಿ ಬೆಳೆಯಿತು.

"ಸಾಕು ಮಾಡು, ಪಿಟ್ಟ," ಎಂದಳು ಬೂದಕ್ಕ. "ಎಷ್ಟು ತಂದರೆ ನನ್ನ ಮರಿ ಆಗುತ್ತದೆ?"

ಗುಂಪಿನ ಹಿರಿಯ ಕೊಕ್ಕಜ್ಜ ಕಟ್ಟಳೆ ಹೇಳಿದ. ಬೆಳಕಿರುವಾಗಲೇ ಪಿಟ್ಟ ಕೆರೆಯಾಚೆ ಹೋಗಬೇಕು. ಪಿಟ್ಟ ಮರಿಯಂತೆ ಪೊದೆಯ ಬುಡಕ್ಕೆ ಸರಿದು ಮುದುಡಿಕೊಂಡ. ಬೂದಕ್ಕ ಅದನ್ನೇ ನೋಡುತ್ತಿದ್ದಳು. ಅವನು ಮರಿಯಾಗಿದ್ದಾಗ ಅವಳೂ ತುತ್ತು ಕೊಟ್ಟು ಸಾಕಿದ್ದಳು.

"ಅಜ್ಜ, ಅವನನ್ನು ಕಳಿಸಬೇಡಿ," ಎಂದಳು.

"ಇವತ್ತು ಕಟ್ಟಳೆ ಬಿಟ್ಟರೆ ನಾಳೆ ಕಾವಲು ಯಾರು ಕೂರುತ್ತಾರೆ, ಬೂದಕ್ಕ? ಸತ್ತದ್ದು ನಿನ್ನ ಮರಿಯೇ ಅಲ್ಲವಾ?"

"ಹೌದು, ನನ್ನ ಮರಿಯೇ. ಅದಕ್ಕೇ ಕೇಳುವ ಹಕ್ಕು ನನಗಿದೆ. ಕಟ್ಟಳೆ ಬಿಡಿ ಅನ್ನುತ್ತಿಲ್ಲ. ಅವನ ಬದಲು ನಾನು ಹೋಗುತ್ತೇನೆ."

ಹಾಗೆಲ್ಲ ಆಗದು ಎಂದು ಗುಂಪು ಗಲಾಟೆ ಮಾಡಿತು. ಮರಿಯೂ ಹೋಗಿ ತಾಯಿಯೂ ಹೋಗುವುದು ಯಾವ ನ್ಯಾಯ ಎಂದು ಚೂಪಕ್ಕ ಕೇಳಿದಳು. ನ್ಯಾಯ ಅಂದರೆ ಪಿಟ್ಟ ಸಾಯಬೇಕು, ತನಗೆ ಅದು ಬೇಡ ಎಂದಳು ಬೂದಕ್ಕ. ಒಬ್ಬರು ಹೊರಹೋದರೆ ಕಟ್ಟಳೆ ಉಳಿಯುತ್ತದೆ ಎಂದು ಒಪ್ಪಿ ಕೊಕ್ಕಜ್ಜ ಕೊನೆಗೆ ದಾರಿ ಬಿಟ್ಟ.

ಆಗ ಪಿಟ್ಟ "ಬೇಡ" ಎನ್ನಬೇಕಿತ್ತು. ಭಯಕ್ಕೆ ಅವನಿಗೆ ಬಾಯಿ ಬರಲಿಲ್ಲ.

ಬೂದಕ್ಕ ಕೆರೆ ದಾಟಿ ಜಾಲಿ ಮರದ ಕೆಳಗೆ ಇಳಿದಳು. ಈಚೆ ದಂಡೆಗೆ ಅವಳು ಚುಕ್ಕೆಯಂತೆ ಕಾಣುತ್ತಿದ್ದಳು. ಒಮ್ಮೆ ಕೆದಕುವಳು, ಒಮ್ಮೆ ಮೇಲೆ ನೋಡುವಳು. ಮಾರನೆಯ ದಿನ ಕೆದಕುವುದೇ ಹೆಚ್ಚಾಯಿತು, ಹಸಿದಿದ್ದಳು. ಗಿಡುಗ ಬಂದಾಗ ಗುಂಪೆಲ್ಲ ಕೂಗಿಕೊಂಡಿತು. ಕೂಗು ಅಷ್ಟು ದೂರ ಮುಟ್ಟಲಿಲ್ಲ. ಜಾಲಿಯ ಕೆಳಗೆ ಒಂದಷ್ಟು ಬೂದು ಗರಿ ಉಳಿಯಿತು.

ಸಂಜೆ ಎಂದಿನಂತೆ ಎಲ್ಲರೂ ಒಂದೇ ಕೊಂಬೆಯ ಮೇಲೆ ಮೈಗೆ ಮೈ ಒತ್ತಿಕೊಂಡು ಸಾಲಾಗಿ ಕೂತರು. ಪಿಟ್ಟ ಮಾತ್ರ ಬೇರೆ ಮರದ ಬೋಳು ಕೊಂಬೆಯಲ್ಲಿ ಒಬ್ಬನೇ ಕೂತಿದ್ದ.

"ಬಾ ಈಚೆಗೆ," ಎಂದಳು ಚೂಪಕ್ಕ.

"ನನಗೆ ಆ ಯೋಗ್ಯತೆ ಇಲ್ಲ, ಚೂಪಕ್ಕ."

"ಇದೆ ಅಂತ ಯಾರು ಹೇಳಿದರು? ನೀನೂ ಹೊರಗೆ ಕೂತು ಸತ್ತರೆ ಅವಳು ಹೋದದ್ದು ಯಾತಕ್ಕೆ? ಬಂದು ಕೂತುಕೋ."

ಅವಳು ಸರಿದು ಜಾಗ ಬಿಟ್ಟಳು. ಪಿಟ್ಟ ಹಾರಿ ಬಂದು ಸಾಲಿನ ನಡುವೆ ಕೂತ. ಎರಡೂ ಕಡೆಯಿಂದ ಬೆಚ್ಚಗಿತ್ತು. ಆ ಬಿಸುಪನ್ನು ತಾಳಿಕೊಳ್ಳುವುದು ಅವನಿಗೆ ಬಲು ಕಷ್ಟವಾಯಿತು. ಆದರೂ ಏಳಲಿಲ್ಲ.

ನೀತಿ: ಮಾಡಿದ ಪಾಪವನ್ನು ಕಾಣಿಕೆ ತಂದು ಸುರಿದು ತೀರಿಸಲಾಗದು, ನೋವುಂಡವರೇ ನಮ್ಮ ಶಿಕ್ಷೆಯನ್ನೂ ಹೊತ್ತು ಕ್ಷಮಿಸಿದಾಗ, ಯೋಗ್ಯತೆ ಇಲ್ಲದಿದ್ದರೂ ಅದನ್ನು ಸ್ವೀಕರಿಸಿ ಬದುಕಬೇಕು. ಕ್ರೈಸ್ತರು ಯೇಸುವಿನ ಶಿಲುಬೆಯಲ್ಲಿ ಕಾಣುವುದು ಇಂಥ ಬಲಿದಾನವನ್ನೇ.