ಚೂರಿನ ಮೇಲಿನ ಹೆಬ್ಬೆರಳು

ಊರಿನ ಪರಂಪರೆ ಉತ್ಸವದ ದಿನ ಶಾಲೆಯ ಮೇಜಿನ ಮೇಲೆ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಒಂದು, ಗುಡ್ಡದ ಬುಡದಲ್ಲಿ ಉತ್ಖನನ ಮಾಡುವಾಗ ಸಿಕ್ಕ ಪುರಾತನ ಮಡಕೆಯ ಚೂರು. ಇನ್ನೊಂದು, ಅದೇ ಊರಿನ ಕುಂಬಾರರ ನೀಲವ್ವ ಮೊನ್ನೆ ಮಾಡಿದ ಹೊಸ ಕೊಡ.

"ನಾನು ನೀರು ಹಿಡಿಯುತ್ತೇನೆ. ನಿನ್ನಿಂದ ಏನಾಗುತ್ತದೆ?" ಎಂದು ಕೊಡ ಕೇಳಿತು.

"ಈಗ ಏನೂ ಆಗುವುದಿಲ್ಲ. ನನ್ನನ್ನು ಇಲ್ಲಿಗೆ ಏಕೆ ತಂದರೋ ನನಗೂ ತಿಳಿಯದು," ಎಂದಿತು ಚೂರು.

"ಹಾಗಾದರೆ ಸ್ವಲ್ಪ ಆಚೆ ಸರಿ. ಜನ ನನ್ನನ್ನು ನೋಡಲಿ."

ಅಷ್ಟರಲ್ಲಿ ನೀಲವ್ವ ಬಂದಳು. ತನ್ನ ಕೊಡವನ್ನು ದಾಟಿ ಚೂರಿನ ಮುಂದೆ ನಿಂತಳು.

"ಮಾಸ್ತರ್ರ, ಇದನ್ನ ಕೈಯಾಗ ಹಿಡೀಲೇನ್ರಿ?"

"ಹಿಡಿಯವ್ವ, ಹಗೂರಕ," ಎಂದರು ಮೇಜಿನ ಬಳಿಯಿದ್ದ ಮಾಸ್ತರರು.

ಚೂರಿನ ಅಂಚಿನಲ್ಲಿ, ಮಣ್ಣು ಹಸಿಯಿದ್ದಾಗ ಯಾರೋ ಒತ್ತಿದ್ದ ಹೆಬ್ಬೆರಳಿನ ತಗ್ಗು ಇತ್ತು. ನೀಲವ್ವ ಅದರಲ್ಲಿ ತನ್ನ ಹೆಬ್ಬೆರಳಿಟ್ಟಳು. ಅದು ಸರಿಯಾಗಿ ಕೂತಿತು.

"ಹೆಣ್ಮಗಳ ಬೆರಳ್ರಿ ಇದು," ಎಂದಳು. "ಕೊಡದ ಬಾಯಿ ತಿದ್ದೂವಾಗ ನಾನೂ ಹಿಂಗ ಒತ್ತತೀನಿ. ನಮ್ಮವ್ವ ಕಲಿಸಿದ್ದು. ಅಕಿಗೆ ಅಕಿ ಅವ್ವ ಕಲಿಸಿದ್ಲಂತ."

ಬಹಳ ಹೊತ್ತು ಅವಳು ಬೆರಳು ತೆಗೆಯಲಿಲ್ಲ.

ಆಮೇಲೆ ಚೂರನ್ನು ಮೇಜಿನ ಮೇಲಿಟ್ಟು ಹೋದಳು. ತನ್ನ ಬಾಯಿಯ ಅಂಚಿನಲ್ಲೂ ಅಂಥದೇ ತಗ್ಗು ಇರುವುದು ಕೊಡಕ್ಕೆ ಗೊತ್ತಿತ್ತು. ಅದನ್ನು ಊನವೆಂದು ತಿಳಿದು ಇಷ್ಟು ಹೊತ್ತೂ ಗೋಡೆಯ ಕಡೆಗೆ ಮಾಡಿಕೊಂಡು ಕೂತಿತ್ತು.

"ಅಜ್ಜಿ," ಎಂದು ಅದು ಮೆಲ್ಲಗೆ ಕರೆಯಿತು, "ನಿನ್ನನ್ನು ಮಾಡಿದವಳ ಹೆಸರೇನು?"

"ಹೆಸರು ಮರೆತುಹೋಗಿದೆ ಮಗು," ಎಂದಿತು ಚೂರು. "ಆದರೆ ಆ ಕೈ ಇವತ್ತು ಮತ್ತೆ ನನ್ನನ್ನು ಮುಟ್ಟಿತು."