ಸಾಕು ಎಂದ ಕ್ಯಾಮೆರಾ

ನೀಲವ್ವನ ಬೆಲ್ಲದ ಉಗ್ರಾಣದ ಬಾಗಿಲಿಗೆ ಹೊಸ ಕ್ಯಾಮೆರಾ ಬಂತು. ಅದಕ್ಕೆ ಇದ್ದದ್ದು ಒಂದೇ ಕೇಬಲ್. ವಿದ್ಯುತ್ತು ತರುವುದೂ ಅದೇ, ಕಂಡ ಚಿತ್ರ ಒಯ್ಯುವುದೂ ಅದೇ. ಕೇಬಲ್ಲಿನ ಆ ತುದಿಯಲ್ಲಿ ಎಲ್ಲ ಕ್ಯಾಮೆರಾಗಳಿಗೂ ವಿದ್ಯುತ್ತು ಬಡಿಸುವ ಸ್ವಿಚ್ಚಿನ ಪೆಟ್ಟಿಗೆ ಕೂತಿತ್ತು.

"ನಿನಗೆಷ್ಟು ಬೇಕು?" ಎಂದು ಪೆಟ್ಟಿಗೆ ವಿಚಾರಿಸಿತು.

ಬಂದ ದಿನವೇ ಹೆಚ್ಚು ಕೇಳಿದರೆ ಹೊಟ್ಟೆಬಾಕ ಅಂದುಕೊಂಡಾರು ಎಂದು ಕ್ಯಾಮೆರಾಕ್ಕೆ ಸಂಕೋಚ. "ಒಂದು ತುತ್ತು ಸಾಕು," ಎಂದಿತು. ಪೆಟ್ಟಿಗೆ ಅಷ್ಟೇ ಕೊಟ್ಟಿತು.

ಹಗಲು ಸುಸೂತ್ರವಾಗಿ ಕಳೆಯಿತು. ಮುಸ್ಸಂಜೆಗೆ ಕತ್ತಲಲ್ಲಿ ನೋಡುವ ದೀಪ ಹಚ್ಚಿದ್ದೇ ತಡ, ಕ್ಯಾಮೆರಾ ಶಕ್ತಿ ಸಾಲದೆ ಮೂರ್ಛೆ ಹೋಯಿತು. ಎದ್ದು ಹಚ್ಚಿತು, ಮತ್ತೆ ಬಿತ್ತು. ಅಷ್ಟರಲ್ಲಿ ಪುನುಗು ಬೆಕ್ಕೊಂದು ಬಂದು ಬೆಲ್ಲ ತಿಂದು ಹೋಯಿತು.

"ಇವತ್ತೂ ಹಿಂಗ ಆದ್ರ ಇದನ್ನ ಕಿತ್ತು ಹಾಕ್ರಿ," ಎಂದಳು ಬೆಳಿಗ್ಗೆ ನೀಲವ್ವ ಕೆಲಸದವರಿಗೆ.

ಕ್ಯಾಮೆರಾ ಹೆದರಿ ಕೇಬಲ್ಲನ್ನು ಗದರಿಸಿತು: "ದಾರಿಯಲ್ಲಿ ನನ್ನ ಪಾಲು ನೀನೇ ತಿಂದೆಯಾ?"

"ನಿನ್ನ ಮಾತು ಅಲ್ಲಿಗೆ ಮುಟ್ಟಿಸಿದೆ, ಅಲ್ಲಿ ಕೊಟ್ಟದ್ದು ನಿನಗೆ ಮುಟ್ಟಿಸಿದೆ," ಎಂದಿತು ಕೇಬಲ್. "ದೀಪದ ವಿಷಯ ನೀನು ಹೇಳಲೇ ಇಲ್ಲವಲ್ಲ."

ಕ್ಯಾಮೆರಾ ನಾಚಿಕೆ ನುಂಗಿಕೊಂಡು, ದೀಪಕ್ಕೂ ಸೇರಿಸಿ ಕೇಳಿತು. ಪೆಟ್ಟಿಗೆ ಕೇಳಿದಷ್ಟೂ ಬಡಿಸಿತು. ಆ ಸಂಜೆ ಬೆಕ್ಕಿನ ಮೀಸೆಯೂ ಬಿಡದಂತೆ ಚಿತ್ರ ನೀಲವ್ವನ ಮೊಬೈಲಿಗೆ ತಲುಪಿತು. ಅವಳು ಪೊರಕೆ ಹಿಡಿದು ಬಂದಳು, ಬೆಕ್ಕು ಗೋಡೆ ಹಾರಿತು.

"ಇಷ್ಟೆಲ್ಲ ಇಟ್ಟುಕೊಂಡು ನಿನ್ನೆ ಯಾಕೆ ಕೊಡಲಿಲ್ಲ?" ಎಂದು ಕ್ಯಾಮೆರಾ ಕೇಳಿತು.

"ನೀನು ಸಾಕೆಂದೆ, ನಾನು ನಂಬಿದೆ," ಎಂದಿತು ಪೆಟ್ಟಿಗೆ. "ನೀನು ಬೇಡವೆಂದ ತುತ್ತು ನನಗೂ ಉಳಿಯಲಿಲ್ಲ ಮಾರಾಯ, ಬೆಲ್ಲವಾಗಿ ಬೆಕ್ಕಿನ ಹೊಟ್ಟೆಗೆ ಹೋಯಿತು."