ಕಲ್ಲು ಹೊತ್ತ ಜಟ್ಟಿಯ ದುಡಿಮೆ

ಕತೆ ಬರೆದು ನನಗೆ ಅಭ್ಯಾಸವಿಲ್ಲ. ಎಲ್ಲಾದರೂ ಎಡವಟ್ಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೆಲ್ಲಿಗುಡ್ಡದ ಕೋಟೆಯಲ್ಲಿ ಗಿರಿಯಪ್ಪನಾಯಕನೆಂಬ ದೊರೆಯಿದ್ದ. ಅವನ ಸಭೆಯಲ್ಲಿ ಕೊಟ್ರಯ್ಯನೆಂಬ ಜಾಣನಿದ್ದ. ಕೋಟೆ ಗುಡ್ಡದ ತುದಿಯಲ್ಲಿ, ಬಾವಿ ಗುಡ್ಡದ ಬುಡದಲ್ಲಿ. ಇದನ್ನು ಹೇಳದಿದ್ದರೆ ಕತೆ ಅರ್ಥವಾಗುವುದಿಲ್ಲ. ನಡುವೆ ಇನ್ನೂರು ಮೆಟ್ಟಿಲು. ಆ ಮೆಟ್ಟಿಲು ಹತ್ತಿ ಅರಮನೆಗೆ ನೀರು ಹೊರುವವಳು ಹೊನ್ನೂರವ್ವ. ಕೂಲಿ ದಿನಕ್ಕೆ ಎರಡು ಸೇರು ಜೋಳ. ಅವಳ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಒಂದು ದಿನ ಜಟ್ಟಿ ಗುಂಡಮಲ್ಲ ಬೀಸುವ ಕಲ್ಲೊಂದನ್ನು ತಲೆಯ ಮೇಲೆತ್ತಿ ಹಿಡಿದು ಸಭೆಯ ನಡುವೆ ನಿಂತ. ಬೆಳಗ್ಗೆ ನಿಂತವನು ಮಧ್ಯಾಹ್ನವಾದರೂ ಅಲುಗಲಿಲ್ಲ. ಬೆವರು ಧಾರೆಯಾಗಿ ಇಳಿಯುತ್ತಿತ್ತು.

“ನೋಡಿ ಮಹಾಸ್ವಾಮಿ, ದುಡಿಮೆ ಅಂದರೆ ಇದು! ನೀರು ಹೊರೋ ಆ ಮುದುಕಿ ಸುಮ್ಮನೆ ಹತ್ತಿ ಇಳಿದು ಮಾಡ್ತಾಳೆ. ಅವಳ ಜೋಳ ನನಗೆ ಕೊಡಿಸಿ.”

“ಹೌದಲ್ಲವೇ!” ಎಂದ ದೊರೆ. “ನಾಳೆಯಿಂದ ಹಾಗೇ ಆಗಲಿ.”

ಬಾಗಿಲಲ್ಲಿ ಕೊಡ ಇಳಿಸುತ್ತಿದ್ದ ಹೊನ್ನೂರವ್ವನ ಮುಖ ಬಿಳಿಚಿತು. “ಬುದ್ಧೀ, ಜೋಳ ಹೋದ್ರೆ ನಾನೇನು ತಿನ್ನಲಿ?”

ಕೊಟ್ರಯ್ಯನಿಗೆ ಇದು ಸರಿಯೆನಿಸಲಿಲ್ಲ. ಆದರೆ ದೊರೆ ಆಡಿದ ಮಾತನ್ನು ಎದುರಿಗೇ ತಪ್ಪೆನ್ನಲಾದೀತೇ? ಅದಕ್ಕೇ ಅವನು ನಕ್ಕ. (ಹೊರಗೆ ಮಾತ್ರ. ಒಳಗೆ ನಗಲಿಲ್ಲ.)

“ಭೇಷ್ ಜಟ್ಟಪ್ಪ! ಅಂದರೆ ಹೆಚ್ಚು ಭಾರ ಹೊತ್ತು ತುಂಬಾ ಕಾಲ ನಿಂತವನೇ ದೊಡ್ಡ ದುಡಿಮೆಗಾರ, ಅಲ್ವೇ?”

“ಮತ್ತೆ!”

“ನಿನ್ನನ್ನು ಮೀರಿಸಿದವನು ಸಿಕ್ಕರೆ?”

“ಮುದುಕಿಯ ಜೋಳದ ತಂಟೆಗೆ ಬರೋದಿಲ್ಲ. ಅರಮನೆಯಿಂದ ನನಗೆ ದಿನಾ ಬರೋ ಬಾದಾಮಿ ಹಾಲನ್ನೂ ಬಿಟ್ಟುಬಿಡ್ತೀನಿ. ಆದರೆ ಅಂಥವನು ಎಲ್ಲಿದ್ದಾನೆ?”

“ಇದೇ ಸಭೆಯಲ್ಲಿದ್ದಾನೆ ಮಹಾಸ್ವಾಮಿ,” ಎಂದು ಕೊಟ್ರಯ್ಯ ದೊರೆಯ ಕಡೆ ತಿರುಗಿದ. “ನಿಮ್ಮ ತಾತನವರ ಕಾಲದಿಂದ ಇಂಥ ನೂರು ಕಲ್ಲಿನ ಭಾರ ಹೊತ್ತು ನಿಂತಿದ್ದಾನೆ. ಒಂದು ದಿನ ಕೂತವನಲ್ಲ. ಬಾದಾಮಿ ಹಾಲು ಹೋಗಲಿ, ಗುಟುಕು ನೀರೂ ಕೇಳಿಲ್ಲ.”

ದೊರೆ ಎದ್ದೇಬಿಟ್ಟ. “ಯಾರಯ್ಯಾ ಅವನು? ಮುಂದೆ ಬರಹೇಳು!”

“ಬೇಡ ಮಹಾಸ್ವಾಮಿ,” ಎಂದು ಕೊಟ್ರಯ್ಯ ಪಕ್ಕದ ಕಂಬವನ್ನು ತಟ್ಟಿದ. “ಇವನು ಒಂದು ಹೆಜ್ಜೆ ಮುಂದೆ ಬಂದರೆ ಮಾಳಿಗೆ ನಮ್ಮ ತಲೆಯ ಮೇಲೆ ಬರುತ್ತದೆ!”

ದೊರೆ ಹೊಟ್ಟೆ ಹಿಡಿದು ನಕ್ಕ. ಜೋಳ ಹೊನ್ನೂರವ್ವನಿಗೇ ಉಳಿಯಿತು, ಜೊತೆಗೆ ಬಾದಾಮಿ ಹಾಲೂ ಬಂತು.

“ಈ ಕಲ್ಲು ಎಲ್ಲಿಡಲಿ?” ಎಂದ ಗುಂಡಮಲ್ಲ, ಮೆಲ್ಲಗೆ.

“ಅಲ್ಲೇ ಇಡಪ್ಪ. ಬೆಳಗಿನಿಂದ ಅದು ಎಲ್ಲಿಗೂ ಹೋಗಿಲ್ಲ,” ಎಂದ ಕೊಟ್ರಯ್ಯ.

ಯಾರಿಗಾದರೂ ಅರ್ಥವಾಗದಿದ್ದರೆ ಎಂದು ಬಿಡಿಸಿ ಹೇಳುತ್ತೇನೆ. ಬರೀ ಬಲ ಹಾಕಿದರೆ ಸಾಲದು, ಬಲ ಹಾಕಿದ ದಿಕ್ಕಿನಲ್ಲಿ ವಸ್ತು ಸರಿಯಬೇಕು. ಆಗಲೇ ಭೌತಶಾಸ್ತ್ರ ಅದನ್ನು ಕೆಲಸ ಎನ್ನುತ್ತದೆ. ಕಲ್ಲು ಮೇಲೆತ್ತುವಾಗ ಜಟ್ಟಿ ಒಂದಿಷ್ಟು ಕೆಲಸ ಮಾಡಿದ, ಇಲ್ಲವೆನ್ನುವುದಿಲ್ಲ. ಆಮೇಲೆ ಸುರಿದದ್ದು ಬೆವರು ಮಾತ್ರ. ಹೊನ್ನೂರವ್ವನ ಕೊಡವಾದರೋ ಮೆಟ್ಟಿಲು ಮೆಟ್ಟಿಲಿಗೂ ಮೇಲೇರಿತು, ಅವಳ ಕೆಲಸ ಆ ನೀರಿನಲ್ಲಿ ಶಕ್ತಿಯಾಗಿ ಕೂತಿತು. ಇನ್ನು ಸಾಮರ್ಥ್ಯ, ಅಂದರೆ ಕೆಲಸ ಮಾಡುವ ವೇಗ. ಅದೇ ಕೊಡವನ್ನು ಅವಳು ಅರ್ಧ ಸಮಯದಲ್ಲಿ ಹತ್ತಿಸಿದ್ದರೆ ಕೆಲಸ ಅಷ್ಟೇ, ಆದರೆ ಸಾಮರ್ಥ್ಯ ಮಾತ್ರ…

“ರೀ, ಸಿಲಿಂಡರ್ ಬಂದಿದೆ! ಬರೆದದ್ದು ಸಾಕು, ಮೊದಲು ಮಹಡಿಗೆ ಹತ್ತಿಸಿ ಬನ್ನಿ!”

ಬಂದೆ.